ವೇಲ್ಸ್‌ನ ಮೂರು ಸಾಲಿನ ಹಾರ್ಪ್

ಮಾನ್ಯರೇ,

ವೇಲ್ಸ್ ಸಂಗೀತವೆಂದರೆ ಗಂಡಸರ ವೃಂದಗಾನ ಮಾತ್ರ ಎಂಬಂತೆ ಬರೆಯುವುದು ಬೇಸರದ ಸಂಗತಿ. ಅಲ್ಲಿನ ಹಾರ್ಪ್ ಎಂಬ ತಂತಿವಾದ್ಯದ ಪರಂಪರೆ ಅದಕ್ಕಿಂತ ಬಹಳ ಹಳೆಯದು. ಇಟಲಿ ಮೂಲದ ಮೂರು ಸಾಲಿನ ಹಾರ್ಪ್‌ನಲ್ಲಿ ಹೊರಗಿನ ಎರಡೂ ಸಾಲುಗಳಿಗೆ ಒಂದೇ ಶ್ರುತಿ. ಅರ್ಧಸ್ವರಗಳ ತಂತಿಗಳು ನಡುವೆ. ಅವನ್ನು ಮೀಟಲು ಹೊರಸಾಲಿನ ಸಂದಿಯಲ್ಲಿ ಬೆರಳು ತೂರಿಸಬೇಕು. ಎರಡೂ ಕೈಗಳು ಒಂದೇ ಸ್ವರವನ್ನು ಬೆನ್ನುಬೆನ್ನಿಗೆ ಮೀಟಿದಾಗ ನಾದ ತುಂಬಿ ಬರುತ್ತದೆ. ಹೊರಸಾಲುಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಸ್ವರ ಅಲುಗಾಡುತ್ತದೆ. ಅರ್ಧಸ್ವರಗಳನ್ನು ಕಾಲಿನ ಮೆಟ್ಟುಗಳಿಂದ ಪಡೆಯುವ ಪೆಡಲ್ ಹಾರ್ಪ್ ಬಂದು ಮೂಲೆಗುಂಪಾಗುತ್ತಿದ್ದ ಈ ವಾದ್ಯವನ್ನು ಹಾರ್ಪ್ ವಾದಕಿ ನ್ಯಾನ್ಸಿ ರಿಚರ್ಡ್ಸ್ (1888–1979) ಉಳಿಸಿಕೊಟ್ಟರು.

ಹಾರ್ಪ್ ಜೊತೆ ಪದ್ಯ ಹಾಡುವ ವೇಲ್ಸ್‌ನ ‘ಕೆರ್ದ್ ದಾಂಟ್’ ಗಾಯನದಲ್ಲಂತೂ ಹಾರ್ಪ್ ಮೊದಲು ಧಾಟಿ ಹಿಡಿಯುತ್ತದೆ. ಗಾಯಕರು ತಡವಾಗಿ, ಬೇರೆಯೇ ಧಾಟಿಯಲ್ಲಿ ಪದ್ಯ ಎತ್ತಿಕೊಂಡರೂ ಇಬ್ಬರೂ ಒಟ್ಟಿಗೇ ಮುಗಿಸಬೇಕು. ಪದ್ಯದ ಒತ್ತು ತಾಳದ ಪೆಟ್ಟಿನ ಮೇಲೆ ಕೂರದಿದ್ದರೆ ಹಾಡು ಕೆಟ್ಟಂತೆಯೇ.

– ಓದುಗರೊಬ್ಬರು, ಧಾರವಾಡ