ಸೀಡರ್ ಹಿಲ್‌ಗೆ ಹೊರಟವಳಿಗೆ

ಚಿ. ಮಾನಸಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ವಾಷಿಂಗ್ಟನ್ನಿನಲ್ಲಿ, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಮನೆ ಸೀಡರ್ ಹಿಲ್ ನೋಡಲು ಹೊರಟಿದ್ದೀಯ ಎಂದು ನಿನ್ನಪ್ಪ ಹೇಳಿದ. ಕೇಳಿ ತುಂಬ ಖುಷಿಯಾಯಿತು. ಶ್ವೇತಭವನದ ಮುಂದೆ ಫೋಟೋ ತೆಗೆಸಿಕೊಂಡು ಬರುವವರೇ ಜಾಸ್ತಿ. ನದಿ ದಾಟಿ ಅನಕೋಸ್ಟಿಯಾ ಎಂಬ ಕಡೆ ಆ ಮನೆ ಇರುವ ಗುಡ್ಡ ಹತ್ತುವವರು ಕಡಿಮೆ. ಟಿಕೆಟ್ ಮೊದಲೇ ಕಾದಿರಿಸು. ಒಳಗೆ ರೇಂಜರ್, ಅಂದರೆ ಅಲ್ಲಿ ಮನೆ ತೋರಿಸುವ ಸಿಬ್ಬಂದಿ, ಜೊತೆಯಲ್ಲೇ ಹೋಗಬೇಕು.

ಒಂದು ಮಾತು ಹೇಳಬೇಕು ಅನ್ನಿಸಿತು. ಆ ಮನೆಯನ್ನು ಒಬ್ಬರ ಸಾಧನೆ ಎಂದು ಮಾತ್ರ ನೋಡಿ ಬರಬೇಡ. ಗುಲಾಮನಾಗಿ ಹುಟ್ಟಿದರು, ಕದ್ದು ಓದು ಕಲಿತರು, ತಪ್ಪಿಸಿಕೊಂಡರು, ಇಡೀ ದೇಶ ಕೇಳುವ ಭಾಷಣಕಾರರಾದರು. ಎಲ್ಲ ನಿಜವೇ. ಆದರೆ ಪ್ರತಿಯೊಂದು ಹೆಜ್ಜೆಗೂ ಯಾರೋ ಒಬ್ಬರು ಆಸರೆಯಾಗಿದ್ದಾರೆ. ನೀನು ಅವರನ್ನು ಹುಡುಕು.

ಬಾಲ್ಟಿಮೋರಿನಲ್ಲಿ ಹುಡುಗನಾಗಿದ್ದಾಗ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ಡು ಕೊಟ್ಟು ಅವರಿಂದ ಅಕ್ಷರ ಹೇಳಿಸಿಕೊಳ್ಳುತ್ತಿದ್ದರು. 1838ರ ಸೆಪ್ಟೆಂಬರ್ 3ರಂದು ರೈಲು ಹತ್ತಿ ತಪ್ಪಿಸಿಕೊಂಡರಲ್ಲ, ಆಗ ಮೈಮೇಲೆ ನಾವಿಕನ ಕೆಂಪು ಅಂಗಿ, ಜೇಬಿನಲ್ಲಿ ಸ್ನೇಹಿತನಾದ ನಾವಿಕನೊಬ್ಬನದು, ಅವನು ಸ್ವತಂತ್ರ ಎಂದು ಸಾರುವ ಕಾಗದ. ಅದರಲ್ಲಿ ಬರೆದಿದ್ದ ಚಹರೆ ಇವರಿಗೆ ಹೋಲುತ್ತಲೇ ಇರಲಿಲ್ಲ. ಕಂಡಕ್ಟರ್ ಕಾಗದದ ಮೇಲಿದ್ದ ಹದ್ದಿನ ಚಿತ್ರ, ಅಂದರೆ ಅಮೆರಿಕದ ಲಾಂಛನ, ನೋಡಿ ಅದನ್ನು ವಾಪಸ್ ಕೊಟ್ಟ. ಅವನು ಒಂದು ಸಲ ಸರಿಯಾಗಿ ಓದಿದ್ದರೆ ಇವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಾಗದ ಕೊಟ್ಟ ಆ ಸ್ನೇಹಿತನ ಗತಿ? ಯೋಚಿಸು.

ಪ್ರಯಾಣಕ್ಕೆ ದುಡ್ಡು ಕೊಟ್ಟವರು ಆ್ಯನಾ ಮರ್ರೆ. ಮನೆಗೆಲಸ ಮಾಡಿ ಕೂಡಿಟ್ಟ ಹಣ ಅದು. ಗರಿ ತುಂಬಿದ ಹಾಸಿಗೆಯನ್ನೂ ಮಾರಿದರಂತೆ. ಆ ತಿಂಗಳಲ್ಲೇ ಇಬ್ಬರಿಗೂ ನ್ಯೂಯಾರ್ಕಿನಲ್ಲಿ ಮದುವೆಯಾಯಿತು. ಗಂಡ ಊರೂರು ತಿರುಗಿ ಭಾಷಣ ಮಾಡುವಾಗ ಈಕೆ ಚಪ್ಪಡಿ ಹೊತ್ತ ಹಾಗೆ ಸಂಸಾರ ಹೊತ್ತರು. ಶೂ ಹೊಲಿದು ದುಡಿದರು, ಓಡಿ ಬಂದ ಗುಲಾಮರಿಗೆ ರಾಚೆಸ್ಟರಿನ ಮನೆಯಲ್ಲಿ ಊಟ ಹಾಕಿ ಮುಂದಕ್ಕೆ ಕಳಿಸಿದರು. ಅವರಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾಗಿ ಅವರ ಮಾತು ನಮಗೆ ಕಾಗದದಲ್ಲಿ ಸಿಗುವುದಿಲ್ಲ. ಸೀಡರ್ ಹಿಲ್‌ನಲ್ಲಿ ಅವರ ಕೋಣೆ ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲು. ಅವರು ತೀರಿಕೊಂಡಿದ್ದು 1882ರಲ್ಲಿ, ಆ ಮನೆಯಲ್ಲೇ.

ತಪ್ಪಿಸಿಕೊಂಡು ಬಂದ ಮೇಲೂ ಕಾನೂನಿನ ಕಣ್ಣಲ್ಲಿ ಡಗ್ಲಸ್ ಇನ್ನೊಬ್ಬರ ಆಸ್ತಿಯೇ. 1846ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಿಚರ್ಡ್‌ಸನ್ ಮನೆಯ ಹೆಂಗಸರು ಮುಂದೆ ನಿಂತು ಚಂದಾ ಎತ್ತಿ, 150 ಪೌಂಡ್ ಕೊಟ್ಟು ಬಿಡಿಸಿದರು. ಮನುಷ್ಯನನ್ನು ಬಿಡಿಸಲು ಯಜಮಾನನಿಗೆ ಹಣ ಕೊಡುವುದೇ ತಪ್ಪು ಎಂದು ಗುಲಾಮಗಿರಿ ವಿರೋಧಿ ಚಳವಳಿಯ ಕೆಲವರು ಬೈದರು. ನನಗೆ ಆ ಹೆಂಗಸರು ಮಾಡಿದ್ದೇ ಸರಿ ಅನ್ನಿಸುತ್ತದೆ. ಸಿಕ್ಕಿಬೀಳುವ ಭಯದಲ್ಲಿ ಬದುಕುವವನಿಗೆ ತತ್ವ ಹೇಳುವುದು ಸುಲಭ, ಅಲ್ವಾ?

ಇದನ್ನೆಲ್ಲ ಡಗ್ಲಸ್ ಮರೆಯಲಿಲ್ಲ. ಸ್ವಂತ ಬಲದಿಂದ ಮೇಲೆ ಬಂದವರ ಬಗ್ಗೆ ಅವರದೇ ಒಂದು ಪ್ರಸಿದ್ಧ ಭಾಷಣ ಇದೆ. ಅದರ ಶುರುವಿನಲ್ಲೇ, ನಿಜವಾಗಿ ನೋಡಿದರೆ ಅಂಥವರು ಲೋಕದಲ್ಲಿ ಯಾರೂ ಇಲ್ಲ ಎನ್ನುತ್ತಾರೆ.

ಇನ್ನು ಮನೆಯ ವಿಷಯ. ಅದನ್ನು ಕಟ್ಟಿಸಿದವನು ಗುಡ್ಡದ ಕೆಳಗಿನ ಬಡಾವಣೆ ಮಾಡಿದವರಲ್ಲಿ ಒಬ್ಬ. ಆ ಬಡಾವಣೆಯಲ್ಲಿ ಕಪ್ಪು ಜನರಿಗೆ ಸೈಟು ಮಾರಕೂಡದು ಎಂಬ ಷರತ್ತಿತ್ತು. ಅವನದೇ ಮನೆಯನ್ನು 1877ರಲ್ಲಿ ಡಗ್ಲಸ್ ಕೊಂಡರು. ವರಾಂಡದಲ್ಲಿ ನಿಂತು ಕೆಳಗೆ ನೋಡುವಾಗ ಇದು ನೆನಪಿರಲಿ.

ಪುಸ್ತಕಗಳು, ಪಿಟೀಲು, ಡಂಬೆಲ್ಸ್ ಎಲ್ಲ ತೋರಿಸುತ್ತಾರೆ, ನೋಡು. ಆದರೆ ಇವೆಲ್ಲ ಉಳಿದಿದ್ದು ಹೇಗೆ ಎಂದು ಕೇಳದೆ ಬರಬೇಡ. 1895ರ ಫೆಬ್ರವರಿ 20ರಂದು ಮಹಿಳೆಯರ ಸಭೆಯೊಂದಕ್ಕೆ ಹೋಗಿ ಬಂದ ಡಗ್ಲಸ್ ಸಂಜೆ ಮನೆಯಲ್ಲೇ ತೀರಿಕೊಂಡರು. ವಿಲ್‌ಗೆ ಬೇಕಾದಷ್ಟು ಸಾಕ್ಷಿಗಳ ಸಹಿ ಇರಲಿಲ್ಲ, ಹಾಗಾಗಿ ಮನೆಯಲ್ಲಿ ಮಕ್ಕಳಿಗೂ ಪಾಲು ಬಂತು. ಎರಡನೇ ಹೆಂಡತಿ ಹೆಲೆನ್ ಪಿಟ್ಸ್ ಸಾಲ ಮಾಡಿ, ಮಕ್ಕಳ ಪಾಲನ್ನು ಕೊಂಡು ಮನೆ ಉಳಿಸಿಕೊಂಡರು. ಸಾಲ ತೀರಿಸಲು ಊರೂರಿಗೆ ಹೋಗಿ ಉಪನ್ಯಾಸ ಮಾಡಿದರು. 1903ರಲ್ಲಿ ಅವರು ಹೋದ ಮೇಲೆ ಕಪ್ಪು ಮಹಿಳೆಯರ ಸಂಘಗಳು ಕೈಹಾಕಿ ಕಾಪಾಡಿದವು. ಸರ್ಕಾರ ವಹಿಸಿಕೊಂಡಿದ್ದು 1962ರಲ್ಲಿ.

ರೇಂಜರ್ ಆ್ಯನಾ ಅವರ ಬಗ್ಗೆ, ಹೆಲೆನ್ ಅವರ ಬಗ್ಗೆ ಏನು ಹೇಳಿದರು ಎಂದು ನನಗೆ ವಿವರವಾಗಿ ಬರಿ. ಏನೂ ಹೇಳದಿದ್ದರೆ ನೀನೇ ಕೇಳು, ಸಂಕೋಚ ಬೇಡ.

ಇಂತಿ ನಿನ್ನ ಪ್ರೀತಿಯ
ಅತ್ತೆ