ಹಕ್ಕಿ ಮತ್ತೆ ಹಾಡಿತು, ನಿಮಗೆ ಥ್ಯಾಂಕ್ಸ್

ನನ್ನ ಹಾಡುಹಕ್ಕಿ ಪೆಟ್ಟಿಗೆ ರಿಪೇರಿ ಮಾಡಿಕೊಟ್ಟ ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳೇ ಹಾಡುಹಕ್ಕಿ ಪೆಟ್ಟಿಗೆಗಳನ್ನು ಕೂಡಿಡುವ ಹುಚ್ಚು ನನಗೆ. ಕೀಲಿ ಕೊಟ್ಟು ಗುಂಡಿ ಸರಿಸಿದರೆ ಮುಚ್ಚಳ ತೆರೆದು, ಹೆಬ್ಬೆರಳ ಉಗುರಿನಷ್ಟು ಹಕ್ಕಿ ಎದ್ದು ಕೊಕ್ಕು ಆಡಿಸುತ್ತಾ ಹಾಡುತ್ತದೆ. ಆವತ್ತು ಹಾಡಿನ ಮಧ್ಯೆಯೇ ನಿಂತುಹೋಯಿತು. ಗಾಬರಿಯಲ್ಲಿ ಹಕ್ಕಿಯನ್ನು ಬೆರಳಿನಿಂದ ಒಳಗೆ ಒತ್ತಲು ಹೋದೆ. ಇಷ್ಟು ವರ್ಷ ಕೂಡಿಟ್ಟವನು ಮಾಡುವ ಕೆಲಸವಾ ಅದು!

"ಮುಟ್ಟಬೇಡಿ, ಕೊಡಿ ಇಲ್ಲಿ" ಎಂದಿರಿ. ಬೈಯಲಿಲ್ಲ. ಕೈ ತೊಳೆದು, ಬಿಳಿ ಬಟ್ಟೆ ಹಾಸಿ, ಮೊದಲು ಸ್ಪ್ರಿಂಗಿನ ಬಿಗಿಯನ್ನು ನಿಧಾನವಾಗಿ ಇಳಿಸಿದಿರಿ. ಹಳೇ ಎಣ್ಣೆ ಅಂಟಾಗಿ ಚಕ್ರಗಳನ್ನು ಹಿಡಿದಿತ್ತು. ಸೀಟಿಗೆ ಗಾಳಿ ಊದುವ ಪುಟ್ಟ ತಿದಿಯ ತೆಳು ಚರ್ಮವೂ ಹರಿದಿತ್ತು. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಸೀಟಿ ತೋರಿಸಿದಿರಿ. ಇಡೀ ಹಾಡಿಗೆ ಒಂದೇ ಸೀಟಿ, ಒಳಗೆ ಪಿಸ್ಟನ್ ಹಿಂದೆ ಮುಂದೆ ಸರಿದು ಸ್ವರ ಬದಲಿಸುತ್ತದೆ. 1780ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜಾಕೆ-ಡ್ರೋ ಎಂಬ ಗಡಿಯಾರ ತಯಾರಕರು ಇಂಥ ಪೆಟ್ಟಿಗೆ ಮಾಡಿದ್ದರು ಎಂದು ಓದಿದ್ದೆ. ಒಳಗಿನ ಸೀಟಿಯನ್ನು ಕಣ್ಣಾರೆ ನೋಡಿದ್ದು ಆವತ್ತೇ.

ಹರಿದ ಚರ್ಮವನ್ನು ಬಿಸಾಡದೆ ಕಾಗದದಲ್ಲಿ ಮಡಚಿ ನನಗೇ ಕೊಟ್ಟಿರಿ. ಅದು ಯಾಕೋ ತುಂಬಾ ಇಷ್ಟವಾಯಿತು.

ಕೊನೆಗೆ "ಗುಂಡಿ ನೀವೇ ಸರಿಸಿ" ಎಂದಿರಿ. ನನ್ನ ಕೈ ನಡುಗುತ್ತಿತ್ತು. ಹಕ್ಕಿ ಹಾಡಿ ಮುಗಿಸುವ ತನಕ ನೀವೂ ಉಸಿರು ಬಿಗಿಹಿಡಿದು ನಿಂತಿದ್ದಿರಿ. ನಾನು ನೋಡಿದೆ.