ಬಿಡು ಪುಟ್ಟಾ, ಆದ್ರೆ ಮಾರಬೇಡ

ಪುಟ್ಟಾ,

ನಿನ್ನೆ ನಿಮ್ಮಪ್ಪ ಫೋನ್ ಮಾಡಿದ್ದ, ನೀನು ರಿಗ್ಗು ಅಂದ್ರೆ ಆ ರೇಡಿಯೋ ಸೆಟ್ಟು, ಆಂಟೆನಾ ಎಲ್ಲಾ ಮಾರಿ, ಮನೆಯಿಂದಲೇ ದೂರದೂರಿನವರ ಜೊತೆ ಮಾತಾಡೋ ಈ ಹ್ಯಾಮ್ ರೇಡಿಯೋ ಹವ್ಯಾಸಾನೇ ಬಿಟ್ಬಿಡ್ತೀನಿ ಅಂತಿದೀಯಂತೆ. ಸ್ವಲ್ಪ ದಿನ ಬಿಡೋದು ತಪ್ಪಲ್ಲ ಕಣೋ. ಐದು ತಿಂಗಳ ಕೂಸು, ನಿನ್ನ ಹೆಂಡತಿ ಒಬ್ಬಳೇ ರಾತ್ರಿಯೆಲ್ಲಾ ಎದ್ದು ಕೂತಿರೋವಾಗ ನೀನು ಪಕ್ಕದ ರೂಮಲ್ಲಿ ಕಂಪ್ಯೂಟರಿಂದ ಸಂದೇಶ ಕಳಿಸೋ ಆ ಎಫ್‌ಟಿ8 ಹಾಕ್ಕೊಂಡು 15 ಸೆಕೆಂಡಿಗೊಂದ್ಸಲ ಸ್ಕ್ರೀನ್ ನೋಡ್ತಾ ಇದ್ರೆ ಹೇಗೆ, ಅದು ನಿನಗೇ ಹೊಳೀತಲ್ಲ, ನನಗೆ ಸಮಾಧಾನ ಆಯ್ತು.

ಮಾರೋದು ಮಾತ್ರ ಬೇಡ. 1991ರಲ್ಲಿ ನಿಮ್ಮಜ್ಜನಿಗೆ ಲಕ್ವ ಹೊಡೀತು, ಆಸ್ಪತ್ರೆ ತೋಟ ಎರಡೂ ನನ್ನ ತಲೆ ಮೇಲೆ ಬಂತು, ನಾನೇ ಬೆಸುಗೆ ಹಾಕಿ ಕಟ್ಟಿದ್ದ ರಿಗ್ ಮಾರಿದೆ. ಅಜ್ಜ ಹೋಗಿದ್ದು 1994ರಲ್ಲಿ. ರಿಗ್ ಇದ್ದಿದ್ರೆ ಆಗಲೇ ವಾಪಸ್ ಬರ್ತಿದ್ದೆ, ಇರ್ಲಿಲ್ಲ, ಇವತ್ತು ನಾಳೆ ಅಂತ 2000 ಆಯ್ತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬಿಡ್ತೀನಿ ಅಂತ ಯಾರಿಗೂ ಹೇಳ್ಲಿಲ್ಲ. ಬೆಳಿಗ್ಗೆ 40 ಮೀಟರ್ ಬ್ಯಾಂಡಿನ ನೆಟ್ಟಲ್ಲಿ, ಅಂದ್ರೆ ಗೊತ್ತಾದ ಹೊತ್ತಿಗೆ ಎಲ್ಲರೂ ರೇಡಿಯೋದಲ್ಲಿ ಸೇರೋ ಕಡೆ, ದಿನಾ ಸಿಗ್ತಿದ್ದ ಹುಬ್ಬಳ್ಳಿ ಕಡೆಯ ಹಿರಿಯರೊಬ್ರು ಇದ್ರು, ಮುಖ ನೋಡಿದ್ದೇ ಇಲ್ಲ, ಅವರು ಎರಡು ತಿಂಗಳು ನನ್ನ ರೇಡಿಯೋ ಹೆಸರಾದ ಕಾಲ್‌ಸೈನ್ ಕರೆದೂ ಕರೆದೂ ಕೊನೆಗೆ ಒಂದು ಕಾರ್ಡ್ ಹಾಕಿದ್ರು. ನನ್ನ ಹೆಸರಿಗಲ್ಲ, ಮನೆಯವರಿಗೆ ಅಂತ ಬರೆದಿದ್ರು. ನಾನು ಸೈಲೆಂಟ್ ಕೀ ಆಗಿದೀನಿ, ಅಂದ್ರೆ ತೀರ್ಕೊಂಡಿದೀನಿ ಅಂದ್ಕೊಂಡಿದ್ರು. ಉತ್ತರ ಬರೆದೆ, ಕ್ಷಮೆ ಕೇಳಿದೆ. ಆದ್ರೆ ನಾನು ವಾಪಸ್ ಬಂದಾಗ ಆ ಕಾಲ್‌ಸೈನ್ ಕೇಳಿಸ್ಲೇ ಇಲ್ಲ.

ಹಂಗಾಗಿ ನೀನು ಒಂದ್ಸಲ ನೆಟ್ಟಿಗೆ ಬಂದು ಮಗು ಆಗಿದೆ, ಸ್ವಲ್ಪ ಕಾಲ ಬರಲ್ಲ ಅಂತ ಬಾಯಿಬಿಟ್ಟು ಹೇಳಿ 73, ಅಂದ್ರೆ ನಮ್ಮ ಹ್ಯಾಮ್ ಭಾಷೆಯ ಶುಭಾಶಯ, ಹೇಳಿ ಹೋಗು.

ಬ್ಯಾಂಡ್ ಓಪನ್ ಇದ್ದು ದೂರದ ಸ್ಟೇಷನ್ ಸಿಗ್ತಿರೋವಾಗಲೇ ಬಿಡಬೇಕಲ್ಲ ಅನ್ನೋ ಸಂಕಟ ಇರುತ್ತೆ, ಗೊತ್ತು. ನಾನು ಬಿಟ್ಟಾಗಲೂ ಹಾಗೇ, ಸೂರ್ಯನ ಕಲೆಗಳು ಜಾಸ್ತಿ ಇದ್ರೆ ಸಿಗ್ನಲ್ ದೂರ ಹೋಗುತ್ತೆ, 1989ರಲ್ಲಿ ಅವು ತುದಿಗೇರಿದ್ದ ಸೈಕಲ್ಲು 1991ರಲ್ಲೂ ಜೋರಾಗೇ ಇತ್ತು, 10 ಮೀಟರಲ್ಲಿ ಸಣ್ಣ ಪವರಿಗೇ ಯುರೋಪ್ ಸಿಗ್ತಿತ್ತು. ಮತ್ತೆ ಬಂದು ಕೂತಾಗ ಮುಂದಿನ ಸೈಕಲ್ ತುದಿಗೆ ಬಂದಿತ್ತು. ಸುಮಾರು 11 ವರ್ಷಕ್ಕೊಂದ್ಸಲ ಅದು ಬರುತ್ತೆ, 40 ಮೀಟರ್ ಅಂತೂ ಎಲ್ಲಿಗೂ ಹೋಗಲ್ಲ. ಕೂಸು ಬೋರಲು ಬೀಳೋದು, ತೆವಳೋದು ನೋಡ್ಕೋ ಈಗ.

ಲೈಸೆನ್ಸ್ 20 ವರ್ಷದ ಅವಧಿಗೆ ತಗೊಂಡಿದೀಯ, ಅದರ ಪಾಡಿಗೆ ಇರ್ಲಿ. ನಿಮಿಷಕ್ಕೆ 8 ಪದ ಮೋರ್ಸ್ ಪಾಸ್ ಮಾಡಿ ವಿಯು2 ಅಂತ ಶುರುವಾಗೋ ಕಾಲ್‌ಸೈನ್ ತಗೊಂಡವನು ನೀನು, ಅದು ಸಣ್ಣ ವಿಷಯ ಅಲ್ಲ. ಹ್ಯಾಂಡಿ ಸೆಟ್ಟಿನ ಬ್ಯಾಟರಿ ಪೂರ್ತಿ ಖಾಲಿ ಮಾಡಿ ಇಡಬೇಡ, ಅರ್ಧ ಚಾರ್ಜಲ್ಲಿ ಬಿಚ್ಚಿ ಬೇರೆ ಇಡು. ರಿಗ್ಗನ್ನ ಎರಡು ಮೂರು ತಿಂಗಳಿಗೊಮ್ಮೆ ಒಂದರ್ಧ ಗಂಟೆ ಆನ್ ಮಾಡು, ಸುಮ್ನೆ ಕೇಳು, ಸಾಕು.

ಟೆರೇಸ್ ಮೇಲಿನ ಡೈಪೋಲ್ ಆಂಟೆನಾ ಮಾತ್ರ ಸಿಡಿಲು ಶುರುವಾಗೋಕ್ ಮುಂಚೆ ಇಳಿಸ್ಲೇಬೇಕು. ನೀನೊಬ್ಬನೇ ಟೆರೇಸ್ ಹತ್ತಬೇಡ, ಮುಂದಿನ ಭಾನುವಾರ ನಾನೇ ಬರ್ತೀನಿ. 20 ಮೀಟರ್ ವೈರು, ಕೋಯಾಕ್ಸ್ ಕೇಬಲ್ ಎಲ್ಲಾ ಸುತ್ತಿ ಊರಿಗೆ ತಗೊಂಡ್ಹೋಗಿ ಅಟ್ಟದ ಮೇಲೆ ಇಟ್ಟಿರ್ತೀನಿ. ಮೋರ್ಸ್ ಕೀ ನಿನ್ನ ಹತ್ರಾನೇ ಇರ್ಲಿ. ದೊಡ್ಡಮ್ಮ ಕೂಸಿಗೆ ಕುಲಾವಿ ಹೆಣೆದಿದಾಳೆ, ತರ್ತೀನಿ.

ನಿನ್ನ ದೊಡ್ಡಪ್ಪ